ಇರಾಕ್ ಕ್ಯಾಂಪಿನಲ್ಲಿ ಗುತ್ತಿಗೆ ಕೆಲಸ ಮಾಡಿ ಗದಗಕ್ಕೆ ಬಂದ ನಮ್ಮ ಕಾಕಾಗೆ ಸರ್ಕಾರ ಅಂದ್ರೆ ಯಾಕಿಷ್ಟು ಸಿಟ್ಟು?

ದುಡ್ಡು ಪೋಲಾಗೋದನ್ನ ನಿಮ್ಮ ಕಾಕಾ ಕಣ್ಣಾರೆ ನೋಡಿರಬೇಕು, ಅದಕ್ಕೇ. ಅಲ್ಲಿ ಅಮೆರಿಕ ಸೇನೆಯ ಅಡುಗೆ, ಲಾಂಡ್ರಿ, ಲಾರಿ ಸಾಗಣೆಯ ದೊಡ್ಡ ಗುತ್ತಿಗೆ ಬೇರೆ ಥರ ಇತ್ತು. ಕಂಪನಿ ಮಾಡಿದ ಖರ್ಚನ್ನೆಲ್ಲ ಅಮೆರಿಕ ಸರ್ಕಾರ ಕೊಡುತ್ತಿತ್ತು, ಮೇಲೆ ಲಾಭವನ್ನೂ ಸೇರಿಸುತ್ತಿತ್ತು. ನಮ್ಮ ಗದಗದ ರಸ್ತೆ ಟೆಂಡರ್‌ನಲ್ಲಿ ರೇಟು ಮೊದಲೇ ನಿಗದಿ, ಉಳಿಸಿದ್ದು ಗುತ್ತಿಗೆದಾರನಿಗೆ. ಅಲ್ಲಿ ಉಳಿಸಿ ಯಾರಿಗೇನು ಬರುತ್ತೆ? ಖಾಲಿ ಲಾರಿಗಳನ್ನೂ ಬೆಂಗಾವಲು ಕೊಟ್ಟು ಓಡಿಸುತ್ತಿದ್ದರು ಅಂತ 2004ರಲ್ಲಿ ಚಾಲಕರೇ ಹೇಳಿದ್ದರು! ಇರಾಕ್, ಅಫ್ಘಾನಿಸ್ತಾನ ಸೇರಿ 3,100ರಿಂದ 6,000 ಕೋಟಿ ಡಾಲರ್ ದುಂದು, ಮೋಸಕ್ಕೆ ಹೋಯ್ತು ಅಂತ ಅಮೆರಿಕದ್ದೇ ಆಯೋಗ 2011ರಲ್ಲಿ ಅಂದಾಜು ಮಾಡಿತು. ನಮ್ಮವರು ಇದ್ದದ್ದು ಉಪಗುತ್ತಿಗೆಯ ತೀರಾ ಕೆಳಗೆ. ಎಷ್ಟೋ ಜನರ ಮೊದಲ ಸಂಬಳಗಳು ಏಜೆಂಟನ ಫೀಸಿಗೆ ಮಾಡಿದ ಸಾಲಕ್ಕೇ ಸರಿಹೋದವು.