ಮೊದಲು ಕೋವಿ ಮನೆಯಿಂದ ಆಚೆ ಹೋಗಲಿ

ತಂಗಿಯ ಗಂಡ ಕುಡಿದಾಗ ಕೋವಿ ತೋರಿಸಿ ಹೆದರಿಸುತ್ತಾನೆ, ಲೈಸೆನ್ಸ್ ಅವನ ಅಪ್ಪನ ಹೆಸರಿನಲ್ಲಿದೆ, ಪೊಲೀಸ್ ಕೇಸು ಮಾಡದೆ ಏನಾದರೂ ದಾರಿ ಇದೆಯಾ ಎಂದು ಕೇಳಿದ್ದೀರಿ. ನಾನು ಕೊಪ್ಪದ ಕಡೆಯವಳು. ನಮ್ಮ ಪಕ್ಕದ ಮನೆಯಲ್ಲೇ ಇದು ನಡೆದಿತ್ತು, ಅದಕ್ಕೇ ಬರೆಯುತ್ತಿದ್ದೇನೆ.

ಪಕ್ಕದ ಮನೆಯ ಆ ಮನುಷ್ಯ ಕೋವಿಯನ್ನು ಯಾರ ಕಡೆಗೂ ತಿರುಗಿಸಿದವನಲ್ಲ. ಕುಡಿದು ಬಂದು, ಗೋಡೆಯಿಂದ ಇಳಿಸಿಕೊಂಡು, ಜಗಲಿಯಲ್ಲಿ ಕೂತು ಸುಮ್ನೆ ಒರೆಸುತ್ತಿದ್ದ. ಅಷ್ಟಕ್ಕೇ ಅವನ ಹೆಂಡತಿ ಮಲಗಿದ್ದ ಮಕ್ಕಳನ್ನು ಎಬ್ಬಿಸಿಕೊಂಡು ಹಿತ್ತಲ ದಾರಿಯಲ್ಲಿ ನಮ್ಮ ಮನೆಗೆ ಬರುತ್ತಿದ್ದಳು. "ಹೊಡೆದಿಲ್ಲವಲ್ಲ" ಎಂದುಕೊಂಡು ನಾವೆಲ್ಲ ತುಂಬ ದಿನ ಸುಮ್ಮನಿದ್ದೆವು. ಹಾಗೆ ಇರಬಾರದಿತ್ತು.

ಕೊನೆಗೆ ದಾರಿ ಸಿಕ್ಕಿದ್ದು ಚುನಾವಣೆಯಿಂದ. ಆಗ ಊರಿನ ಕೋವಿಗಳನ್ನು ಸ್ಟೇಷನ್ನಿನಲ್ಲಿ ಡಿಪಾಸಿಟ್ ಮಾಡಿಸುತ್ತಾರಲ್ವಾ, ಅದನ್ನು ಯಾರೂ ಅವಮಾನ ಅಂದುಕೊಳ್ಳುವುದಿಲ್ಲ. ಆ ಹೊತ್ತು ನೋಡಿ ನಮ್ಮ ದೊಡ್ಡಪ್ಪ ಮತ್ತು ಇನ್ನಿಬ್ಬರು ಹಿರಿಯರು, ಮಗ ಇಲ್ಲದಾಗ ಅವನ ಅಪ್ಪನ ಹತ್ತಿರ ಕೂತು ಮಾತಾಡಿದರು. "ಹಂದಿ ಗದ್ದೆಗೆ ಇಳಿದರೆ ಏನು ಮಾಡಲಿ?" ಎಂದರು ಅವರು. ಆ ಪ್ರಶ್ನೆಗೆ ಉತ್ತರ ಇಲ್ಲದೆ ಹೋದರೆ ಮಲೆನಾಡಿನಲ್ಲಿ ಯಾರೂ ಕೋವಿ ಬಿಡುವುದಿಲ್ಲ. ಆ ವರ್ಷ ಪೂರ್ತಿ ಅಕ್ಕಪಕ್ಕದ ಮನೆಯವರು ಸರದಿ ಮೇಲೆ ಅವರ ಗದ್ದೆ ಕಾವಲಿಗೆ ಹೋದರು. ಚುನಾವಣೆ ಮುಗಿದ ಮೇಲೆ ಆ ಅಪ್ಪ ಕೋವಿಯನ್ನು ಮನೆಗೆ ತರದೆ, ಲೈಸೆನ್ಸ್ ಇರುವ ಬಂದೂಕಿನ ಅಂಗಡಿಯಲ್ಲಿ ಇಟ್ಟರು.

ನೀವು ಚುನಾವಣೆಗೆ ಕಾಯಬೇಡಿ. ಲೈಸೆನ್ಸ್ ತಂಗಿಯ ಮಾವನ ಹೆಸರಿನಲ್ಲಿದೆ ಅಂದರೆ ಕೋವಿಯ ಜವಾಬ್ದಾರಿಯೂ ಅವರದೇ, ಹಾಗಾಗಿ ಮಾತಾಡಬೇಕಾದ್ದು ಅವರ ಹತ್ತಿರ. ಅವರು ಯಾರ ಮಾತಿಗೆ ಬೆಲೆ ಕೊಡುತ್ತಾರೋ ಅಂಥವರನ್ನು ಕಳಿಸಿ. ತಂಗಿ ಹೇಳಿಸಿದಳು ಅಂತ ಅನ್ನಿಸಬಾರದು, ಸಿಟ್ಟೆಲ್ಲ ಅವಳ ಮೇಲೆ ಬೀಳುತ್ತದೆ. ಕೋವಿಯನ್ನು ನೀವೇ ತಂದು ಇಟ್ಟುಕೊಳ್ಳಲೂ ಹೋಗಬೇಡಿ, ಲೈಸೆನ್ಸ್ ಇಲ್ಲದವರು ಇಟ್ಟುಕೊಂಡರೆ ಅದೇ ಅಪರಾಧ. ತೋಟಾ ಬಚ್ಚಿಟ್ಟರೆ ಸಾಕು ಅಂತಲೂ ನಂಬಬೇಡಿ.

ಮಾವ ಒಪ್ಪದಿದ್ದರೆ ಡಿಸಿ ಕಚೇರಿಗೆ ಬರವಣಿಗೆಯಲ್ಲಿ ಅರ್ಜಿ ಕೊಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಸಾರ್ವಜನಿಕರ ಸುರಕ್ಷತೆಗೆ ಬೇಕು ಅನ್ನಿಸಿದರೆ ಲೈಸೆನ್ಸ್ ಅಮಾನತು ಮಾಡಬಹುದು, ರದ್ದೂ ಮಾಡಬಹುದು. ಇನ್ನೊಂದು ದಾರಿ 2005ರ ಕೌಟುಂಬಿಕ ಹಿಂಸೆ ಕಾಯ್ದೆ. ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ, ಈ ಕಾಯ್ದೆಯಡಿ ಹೆಂಗಸರಿಗೆ ನೆರವಾಗುವ ಸಂರಕ್ಷಣಾಧಿಕಾರಿಯನ್ನು ಕೇಳಿ, ಅವರೇ ಅರ್ಜಿ ಬರೆಯಲು ಸಹಾಯ ಮಾಡುತ್ತಾರೆ. ಹಿಂಸೆಗೆ ಬಳಸಿದ ಆಯುಧವನ್ನು ಪೊಲೀಸರ ನೆರವಿನಿಂದ ವಶಕ್ಕೆ ತೆಗೆದುಕೊಳ್ಳಿ ಎಂದು ಮ್ಯಾಜಿಸ್ಟ್ರೇಟರು ಈ ಅಧಿಕಾರಿಗೆ ಬರೆದು ಕೊಡಬಹುದು. ಇದು ತುಂಬ ಜನಕ್ಕೆ ಗೊತ್ತೇ ಇಲ್ಲ, ಅರ್ಜಿಯಲ್ಲಿ ಕೋವಿಯ ವಿಷಯ ವಿವರವಾಗಿ ಬರೆಸಿ. ಇದರಲ್ಲಿ ಗಂಡನನ್ನು ಮೊದಲೇ ಜೈಲಿಗೆ ಹಾಕುವುದಿಲ್ಲ. ಹೆಂಡತಿಗೆ ಹಿಂಸೆ ಕೊಡಬಾರದು ಅಂತ ಮ್ಯಾಜಿಸ್ಟ್ರೇಟರು ಕೊಡುವ ರಕ್ಷಣಾ ಆದೇಶವನ್ನು ಮುರಿದರೆ ಮಾತ್ರ 1 ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಅವನು ಕೋವಿ ಕೈಗೆ ತೆಗೆದುಕೊಂಡ ರಾತ್ರಿ ಮಾತ್ರ ಇದ್ಯಾವುದೂ ಬೇಡ. ಅವಳು ಮಕ್ಕಳನ್ನು ಕರೆದುಕೊಂಡು ಹೊರಗೆ ಬಂದು 112ಕ್ಕೆ ಫೋನ್ ಮಾಡಲಿ. ತವರಿಗೆ ಬರುವ ಯೋಚನೆ ಇದ್ದರೆ ಅವನಿಗೆ ಮೊದಲೇ ಹೇಳುವುದು ಬೇಡ, ಬಿಟ್ಟು ಹೊರಡುವ ಹೊತ್ತಿನಲ್ಲೇ ಅಪಾಯ ಜಾಸ್ತಿ.