ಬಿಜಾಗರಿ ಗಟ್ಟಿ ಇದ್ದರೂ ಬಾಗಿಲು ಜೋತುಬಿತ್ತು

ಬೆಳಗಾವಿಯಲ್ಲಿ ಅಪಾರ್ಟ್‌ಮೆಂಟ್ ಕಟ್ಟಿಸುತ್ತಿದ್ದೀರಿ. ಕಲ್ಲು, ಮರದ ಹಾಗೆ ಕಾಣುವ ಟೈಲ್ಸ್, ಲ್ಯಾಮಿನೇಟ್, ಹಿತ್ತಾಳೆ ಬಣ್ಣದ ಹಿಡಿಕೆ, ಇವುಗಳಲ್ಲಿ ಯಾವ ಬ್ರ್ಯಾಂಡ್ ಬಾಳಿಕೆ ಬರುತ್ತದೆ ಅಂತ ಕೇಳಿದ್ದೀರಿ. ಓದಿ ಎದೆ ಧಸಕ್ಕೆಂದಿತು. ಇದೇ ಪಟ್ಟಿ ಹಿಡಿದು ನಾನೂ ಅಂಗಡಿ ಅಂಗಡಿ ಸುತ್ತಿದ್ದೆ.

ತಿಲಕವಾಡಿಯಲ್ಲಿ ಅಪ್ಪನ ಹಳೇ ಮನೆ ಕೆಡವಿ ನಾವು ಅಣ್ಣತಮ್ಮಂದಿರು 8 ಫ್ಲ್ಯಾಟ್ ಕಟ್ಟಿಸಿದೆವು. ಬಾಲ್ಕನಿ ಎಲ್ಲ ಪಡುವಣಕ್ಕೆ. ಜೂನ್ ಬಂತೆಂದರೆ ನಮ್ಮೂರ ಮಳೆ ಗಾಳಿ ಜೊತೆ ಅಡ್ಡ ಹೊಡೆಯುತ್ತದೆ, ಗೊತ್ತಲ್ವಾ. ಅದಕ್ಕೇ ಬಾಲ್ಕನಿ ಬಾಗಿಲುಗಳಿಗೆ 304 ಗ್ರೇಡಿನ ಸ್ಟೇನ್‌ಲೆಸ್ ಸ್ಟೀಲಿನ ಬಿಜಾಗರಿಯೇ ಬೇಕೆಂದು ಹಟ ಹಿಡಿದೆ. ಅದರಲ್ಲಿ ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕ್ಕಲ್ ಇರುತ್ತದೆ. ಅಯಸ್ಕಾಂತ ಅಂಟದಿದ್ದರೆ 304 ಅಂತ ಅಂಗಡಿಯವರು ಹೇಳುತ್ತಾರೆ, ನಂಬಬೇಡಿ. ಅಗ್ಗದ 202 ಗ್ರೇಡಿನ ಸ್ಟೀಲಿಗೂ ಅದು ಅಂಟುವುದಿಲ್ಲ. ನಾನು ಬಿಲ್ಲಿನಲ್ಲೇ ಗ್ರೇಡ್ ಬರೆಸಿಕೊಂಡೆ.

ಸ್ಕ್ರೂ ಮಾತ್ರ ಕೇಳಲಿಲ್ಲ. ಬಡಿಗರು ತಮ್ಮ ಡಬ್ಬಿಯಿಂದ ಸತುವಿನ ಲೇಪದ ಕಬ್ಬಿಣದ ಸ್ಕ್ರೂ ಹಾಕಿದರು. ಹೊಳೆಯುತ್ತಿದ್ದವು, ಸುಮ್ನೆ ಬಿಟ್ಟೆ. ಮೂರನೇ ಮಳೆಗಾಲದಲ್ಲಿ ಮೇಲಿನ ಮಹಡಿಯ ಬಾಗಿಲು ಜೋತುಬಿತ್ತು. ಹೋಗಿ ನೋಡಿದರೆ ಬಿಜಾಗರಿ ಹೊಸದರ ಹಾಗೇ ಇದೆ. ಸ್ಕ್ರೂಗಳ ತಲೆ ಮಾತ್ರ ತುಕ್ಕು ತಿಂದು ಉದುರಿದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನನಗೆ ಯಾರೂ ಹೇಳಲಿಲ್ಲ. ಎರಡು ಬೇರೆ ಲೋಹ ಒಂದಕ್ಕೊಂದು ತಾಗಿ, ನಡುವೆ ನೀರು ನಿಂತರೆ, ಬ್ಯಾಟರಿಯ ಹಾಗೆ ಕೆಲಸ ಶುರುವಾಗುತ್ತದೆ. ಸ್ಟೀಲ್ ಉಳಿಯುತ್ತದೆ. ಮೊದಲು ಸತು ಕರಗುತ್ತದೆ, ಆಮೇಲೆ ಕಬ್ಬಿಣ. ಬಿಜಾಗರಿಯ ತಗಡು ದೊಡ್ಡದು, ಸ್ಕ್ರೂ ಚಿಕ್ಕದು ಆದಷ್ಟೂ ಸ್ಕ್ರೂ ಬೇಗ ಸವೆಯುತ್ತದೆ. ಅಂದರೆ ಒಳ್ಳೆಯ ಬಿಜಾಗರಿಯೇ ನನ್ನ ಸ್ಕ್ರೂಗಳನ್ನು ತಿಂದಿತು! ಒಂದು ಬಾಗಿಲಿಗೆ 3 ಬಿಜಾಗರಿ, ಒಂದೊಂದಕ್ಕೆ 8 ಸ್ಕ್ರೂ. 8 ಬಾಗಿಲಿಗೆ 192. ಮುರಿದ ತುಂಡುಗಳನ್ನು ಮರದಿಂದ ಕೊರೆದು ತೆಗೆದು, ತೂತಿಗೆ ಮರದ ಗೂಟ ಬಡಿದು, ಮತ್ತೆ ಕೂರಿಸಬೇಕಾಯಿತು. ಸ್ಕ್ರೂಗಿಂತ ಕೂಲಿಯೇ ಎಷ್ಟೋ ಪಾಲು ಜಾಸ್ತಿ ಆಯಿತು. ಆ ಮನೆಯ ಅಜ್ಜಿ ಎರಡು ವಾರ ಬಾಲ್ಕನಿಗೆ ಕಾಲಿಡಲಿಲ್ಲ, ಬಾಗಿಲು ಮೈಮೇಲೆ ಬಿದ್ದೀತೆಂಬ ಭಯ. ಅದು ನನಗೆ ಇವತ್ತಿಗೂ ನೋಯುತ್ತದೆ.

ಇನ್ನು ಬ್ರ್ಯಾಂಡ್ ವಿಷಯ. ನನ್ನ ಪ್ರಕಾರ ನೀವು ಕೇಳಬೇಕಾದ ಪ್ರಶ್ನೆಯೇ ಅದಲ್ಲ. ಕಲ್ಲಿನ ಹಾಗೆ ಕಾಣುವುದು ಯಾಕೆ ಬೇಕು? ಪಕ್ಕದ ಬಾಗಲಕೋಟೆ ಜಿಲ್ಲೆಯಲ್ಲಿ ಇಳಕಲ್ಲಿನ ಕೆಂಪು ಗ್ರಾನೈಟ್ ಇದೆ. ಮೆಟ್ಟಿಲಿಗೆ ಅದನ್ನೇ ಹಾಕಿ, ಆದರೆ ಪಾಲಿಶ್ ಬೇಡ, ಒದ್ದೆ ಕಾಲು ಜಾರುತ್ತದೆ. ಮೇಲ್ಮೈಯನ್ನು ಬೆಂಕಿಯಲ್ಲಿ ಒರಟು ಮಾಡಿಸಿ. ಕಾಂಪೌಂಡಿಗೆ ಖಾನಾಪುರ ಕಡೆಯ ಜಂಬಿಟ್ಟಿಗೆ ಕಲ್ಲು ಸಾಕು, ಗಾಳಿಗೆ ತೆರೆದಿಟ್ಟರೆ ಅದು ಇನ್ನೂ ಗಟ್ಟಿಯಾಗುತ್ತದೆ. ಹಿಡಿಕೆಗೆ ನಿಜವಾದ ಹಿತ್ತಾಳೆ ತನ್ನಿ. ಕಪ್ಪಾದರೆ ಹುಣಸೆಹಣ್ಣು ಹಚ್ಚಿ ತಿಕ್ಕಬಹುದು. ಬಣ್ಣದ ಲೇಪ ಎದ್ದರೆ ಏನು ತಿಕ್ಕುತ್ತೀರಿ? ದುಡ್ಡು ಸಾಲದಿದ್ದರೆ ಲಾಬಿಯ ಅಲಂಕಾರ ಬಿಡಿ, ಮಳೆ ಹೊಡೆಯುವ ಕಡೆ ಮಾತ್ರ ಕೈ ಬಿಗಿ ಹಿಡಿಯಬೇಡಿ.

ಬಾಗಿಲು ಕೂರಿಸುವ ದಿನ ಖುದ್ದು ನಿಂತು ಬಡಿಗರ ಡಬ್ಬಿ ತೆಗೆಸಿ. ಅಯಸ್ಕಾಂತ ಇಲ್ಲಿ ಕೆಲಸಕ್ಕೆ ಬರುತ್ತದೆ. ಸ್ಕ್ರೂ ಜಪ್ಪೆಂದು ಅಂಟಿಕೊಂಡರೆ ವಾಪಸ್ ಕೊಡಿ, ಬಿಜಾಗರಿಯ ಗ್ರೇಡಿನದನ್ನೇ ನೀವೇ ತಂದುಕೊಡಿ.