ಕೋರ್ಟಿಗೆ ಹೋದರೆ ಆಶ್ರಯ ಸಿಗುತ್ತಾ?

ಪ್ರಶ್ನೆ: ಟೊರಾಂಟೊದ ಗೋದಾಮಿನಲ್ಲಿ ನನ್ನ ಜೊತೆ ದುಡಿಯುವ ಶ್ರೀಲಂಕಾದ ಗೆಳೆಯನ ನಿರಾಶ್ರಿತ ಅರ್ಜಿ ತಿರಸ್ಕಾರವಾಯಿತು. ಮೇಲ್ಮನವಿಯಲ್ಲೂ ಸೋತ. ಪತ್ರ ಬಂದು ಆರು ದಿನ. ಕೋರ್ಟಿನಲ್ಲಿ ಅವನ ಕಥೆ ಮೊದಲಿಂದ ಕೇಳ್ತಾರಾ ಸಾರ್?

ಉತ್ತರ: ಇಲ್ಲ. ಫೆಡರಲ್ ಕೋರ್ಟ್ ನೋಡುವುದು ಮೇಲ್ಮನವಿ ವಿಭಾಗ ಕೊಟ್ಟ ಕಾರಣಗಳನ್ನು. ಅವು ಒಪ್ಪುವಂತಿವೆಯೇ? ಮುಖ್ಯ ಸಾಕ್ಷ್ಯ ಬಿಟ್ಟುಹೋಗಿದೆಯೇ? ಕೆನಡಾ ಸುಪ್ರೀಂ ಕೋರ್ಟಿನ 2019ರ ವಾವಿಲೋವ್ ತೀರ್ಪು ಹಾಕಿಕೊಟ್ಟ ಅಳತೆ ಇದು. ಗೆದ್ದರೂ ಸಾಮಾನ್ಯವಾಗಿ ನ್ಯಾಯಾಧೀಶರೇ ಆಶ್ರಯ ಕೊಡುವುದಿಲ್ಲ. ಕಡತ ಮೇಲ್ಮನವಿ ವಿಭಾಗಕ್ಕೆ ವಾಪಸ್ ಹೋಗುತ್ತದೆ, ಅಲ್ಲಿನ ಬೇರೊಬ್ಬ ಸದಸ್ಯರು ಹೊಸದಾಗಿ ನೋಡುತ್ತಾರೆ.

ಮೊದಲು ಕ್ಯಾಲೆಂಡರ್ ನೋಡಿ. ಪತ್ರ ಕೈಸೇರಿದ 15 ದಿನದೊಳಗೆ, ಪ್ರಕರಣ ಕೈಗೆತ್ತಿಕೊಳ್ಳಿ ಎಂದು ಫೆಡರಲ್ ಕೋರ್ಟಿನ ಅನುಮತಿ ಕೋರಿ ಅರ್ಜಿ ಹಾಕಬೇಕು. ಉಳಿದಿರುವುದು ಒಂಬತ್ತೇ ದಿನ. (ಸಂಚಿಕೆ ಬರುವತನಕ ಕಾಯಲಾಗದೆ ಈ ಉತ್ತರವನ್ನು ನಿಮಗೆ ಮೊದಲೇ ಮೇಲ್ ಮಾಡಿದ್ದೇನೆ.) ಅನುಮತಿಯೇ ದೊಡ್ಡ ಹೊಸ್ತಿಲು. ಸಾಮಾನ್ಯವಾಗಿ ಕಾಗದಪತ್ರ ನೋಡಿಯೇ ತೀರ್ಮಾನಿಸುತ್ತಾರೆ. ಸಿಗದಿದ್ದರೆ ಅದರ ಮೇಲೆ ಅಪೀಲು ಇಲ್ಲ. ಇದು ಸ್ವಲ್ಪ ಜಾಸ್ತಿಯೇ ಕಟು ಅನ್ನಿಸುತ್ತದೆ ನನಗೆ.

ಸಮಯಕ್ಕೆ ಹಾಕಿದರೆ ಹೆಚ್ಚಿನ ಪ್ರಕರಣಗಳಲ್ಲಿ ಗಡಿಪಾರು ತಾನಾಗಿ ನಿಲ್ಲುತ್ತದೆ. ಊರಿಂದ ಹೊಸ ದಾಖಲೆ ಬರಲಿ ಅಂತ ಸುಮ್ನೆ ಕಾಯಬೇಡಿ, ಕೋರ್ಟು ಸಾಮಾನ್ಯವಾಗಿ ಹಳೆಯ ಕಡತ ಬಿಟ್ಟು ನೋಡುವುದಿಲ್ಲ. ವಕೀಲರಿಗೆ ದುಡ್ಡಿಲ್ಲವೆಂದರೆ ಇವತ್ತೇ ಲೀಗಲ್ ಏಡ್ ಒಂಟಾರಿಯೊಗೆ ಫೋನ್ ಮಾಡಿಸಿ. ಪತ್ರ ಯಾವತ್ತು ಬಂತು ಅಂತ ತೋರಿಸಲು ಬೇಕಾಗಬಹುದು, ಅದರ ಲಕೋಟೆ ಎಸೆದಿಲ್ಲ ಅಲ್ವಾ?